ಮನೆಗೆ ಬರುವ ‘ಫುಲ್ ಬಾಡಿ’ ರಕ್ತ ಪರೀಕ್ಷೆ: ಕಲಬುರಗಿ ಬಿಸಿಲಲ್ಲಿ ಎಷ್ಟು ನಂಬಬಹುದು?

ಸೇಡಂ ರಸ್ತೆಯಿಂದ ರಿಂಗ್ ರೋಡಿನ ತನಕ ಕಲಬುರಗಿಯ ಯಾವ ಬಡಾವಣೆಗೆ ಹೇಳಿದರೂ ಈಗ ಬೆಳಿಗ್ಗೆ ಬೈಕಿನ ಮೇಲೊಬ್ಬ ಹುಡುಗ ಬಂದು ರಕ್ತ ತಗೊಂಡು ಹೋಗುತ್ತಾನೆ. ಕರಪತ್ರದಲ್ಲಿ ದಪ್ಪಕ್ಷರದಲ್ಲಿ ‘80ಕ್ಕೂ ಹೆಚ್ಚು ಪರೀಕ್ಷೆ’ ಎಂದಿರುತ್ತದೆ. ಆ 80ರಲ್ಲಿ ಸುಮಾರು 20 ಸಾಲು ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ) ಒಂದರದ್ದೇ. ಒಂದು ಟ್ಯೂಬು, ಒಂದು ಯಂತ್ರ, ಒಂದೆರಡು ನಿಮಿಷದ ಕೆಲಸ. ಕೊಲೆಸ್ಟರಾಲ್, ಥೈರಾಯ್ಡ್ ಬದಿಗಿರಲಿ. ಇಲ್ಲಿ ನೋಡುವುದು ಪ್ಯಾಕೇಜಿನ ರಕ್ತದ ಭಾಗ ಮತ್ತು ‘ಇಮ್ಯುನಿಟಿ ಪ್ರೊಫೈಲ್’ ಎಂದು ಸೇರಿಸಿರುವ ಭಾಗವನ್ನು ಮಾತ್ರ.

ಮೊದಲು ರಕ್ತ ತೆಗೆಯುವ ಕೈ. ಈ ಸೇವೆಯ ಗುಣಮಟ್ಟದ ಅರ್ಧ ಅಲ್ಲೇ ನಿರ್ಧಾರವಾಗುತ್ತದೆ. ಸಿಬಿಸಿಗೆ ಬೇಕಾದದ್ದು ನೇರಳೆ ಮುಚ್ಚಳದ ಟ್ಯೂಬು. ಒಳಗಿರುವ ಇಡಿಟಿಎ ರಕ್ತದ ಕ್ಯಾಲ್ಸಿಯಮ್ ಹಿಡಿದಿಟ್ಟುಕೊಂಡು ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಟ್ಯೂಬಿನ ಮೇಲೆ ಗೆರೆ ಇದೆ, ಸಾಮಾನ್ಯವಾಗಿ 2 ಮಿ.ಲೀ. ಅಥವಾ 3 ಮಿ.ಲೀ.ಗೆ. ಗೆರೆಗಿಂತ ಬಹಳ ಕೆಳಗೆ ನಿಲ್ಲಿಸಿದರೆ ಇಡಿಟಿಎ ಹೆಚ್ಚಾಗಿ ಕೆಂಪು ಕಣ ಕುಗ್ಗುತ್ತವೆ. ತುಂಬಿದ ತಕ್ಷಣ ಟ್ಯೂಬನ್ನು ಮೆಲ್ಲಗೆ ಎಂಟು–ಹತ್ತು ಸಲ ತಲೆಕೆಳಗು ಮಾಡಬೇಕು. ಇದನ್ನು ಬಿಡುವವರೇ ಹೆಚ್ಚು. ಟ್ಯೂಬು ನೇರ ಜೇಬಿಗೆ ಹೋಯಿತೆಂದರೆ ಒಳಗೆ ಸಾಸಿವೆಯಷ್ಟು ಹೆಪ್ಪು ಕಟ್ಟಿ ಪ್ಲೇಟ್‌ಲೆಟ್‌ಗಳನ್ನು ಹಿಡಿದುಕೊಳ್ಳುತ್ತದೆ. 1.8 ಲಕ್ಷ ಇರಬೇಕಾದಲ್ಲಿ ಯಂತ್ರ 60 ಸಾವಿರ ಎನ್ನುತ್ತದೆ, ಮನೆಮಂದಿ ಡೆಂಗಿ ಎಂದು ಗಾಬರಿಯಾಗುತ್ತಾರೆ. “ತಮ್ಮಾ, ಟ್ಯೂಬ್ ಮ್ಯಾಲ ಕೆಳಗ ಮಾಡು” ಎಂದು ಹೇಳಲು ಸಂಕೋಚ ಬೇಡ. ಆದರೆ ಔಷಧಿ ಬಾಟಲಿ ಕುಲುಕಿದಂತೆ ಕುಲುಕಿದರೆ ಕಣಗಳು ಒಡೆಯುತ್ತವೆ.

ಇನ್ನೊಂದು ಗಮನಿಸಿ: ತೋಳಿನ ರಬ್ಬರ್ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು, ರಕ್ತ ಗಟ್ಟಿಯಾಗಿ ಹಿಮೋಗ್ಲೋಬಿನ್ ಸ್ವಲ್ಪ ಹೆಚ್ಚು ತೋರುತ್ತದೆ. ಖಾಲಿ ಹೊಟ್ಟೆ ಬೇಕಿರುವುದು ಸಕ್ಕರೆ, ಕೊಬ್ಬಿನ ಪರೀಕ್ಷೆಗೆ. ಬರೀ ಸಿಬಿಸಿಗಾದರೆ ವಯಸ್ಸಾದವರನ್ನು ಹಸಿದಿರಿಸುವ ಅಗತ್ಯವೇ ಇಲ್ಲ.

ಮುಂದೆ ಸಾಗಾಟ. ಏಪ್ರಿಲ್–ಮೇನಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ; ಬೈಕಿನ ಡಬ್ಬಿಯೊಳಗೆ ಅದಕ್ಕೂ ಹೆಚ್ಚು. ಸಿಬಿಸಿ ಸ್ಯಾಂಪಲ್ಲಿಗೆ ಹಿತವಾದದ್ದು 18ರಿಂದ 25 ಡಿಗ್ರಿ. ಕಾದು ಕೂತ ಟ್ಯೂಬಿನಲ್ಲಿ ಹಿಮೋಗ್ಲೋಬಿನ್ ಅಷ್ಟಾಗಿ ಬದಲಾಗುವುದಿಲ್ಲ, ಕೆಂಪು ಕಣ ಉಬ್ಬುತ್ತವೆ. ಅಂದರೆ ಕಣದ ಗಾತ್ರ ಹೇಳುವ ಎಂಸಿವಿ ಏರುತ್ತದೆ. ಕಬ್ಬಿಣ ಕೊರತೆಯ ಗುರುತೇ ಸಣ್ಣ ಕಣ. ಅದು ಉಬ್ಬಿ ‘ನಾರ್ಮಲ್’ ಆಗಿ ಕೂತರೆ ಕೊರತೆ ಮರೆಯಾಗುತ್ತದೆ. ಹಾಗಂತ ಐಸ್ ಪ್ಯಾಕ್ ಟ್ಯೂಬಿಗೆ ನೇರ ತಾಗಿಸುವುದೂ ತಪ್ಪು. ವರದಿಯಲ್ಲಿ ಸ್ಯಾಂಪಲ್ ತೆಗೆದ ಸಮಯ, ಲ್ಯಾಬಿಗೆ ತಲುಪಿದ ಸಮಯ ಎರಡೂ ಇರಬೇಕು. ನಾಲ್ಕೈದು ತಾಸಿನೊಳಗಿದ್ದರೆ ಚಿಂತೆಯಿಲ್ಲ. ಟ್ಯೂಬು ರಾತ್ರಿ ಬಸ್ಸಿಗೆ ಹೈದರಾಬಾದಿಗೆ ಹೋಗುವುದಾದರೆ ಸಿಬಿಸಿ ಊರಲ್ಲೇ ಮಾಡಿಸಿ, ಉಳಿದದ್ದು ಹೋಗಲಿ. ಬೇಸಿಗೆಯಲ್ಲಿ ಬೆಳಿಗ್ಗೆ 7ರ ಸ್ಲಾಟ್ ಬಿಟ್ಟು ಬೇರೆ ತಗೋಬೇಡಿ.

ವರದಿ ಕೈಗೆ ಬಂದಾಗ ಬಿಳಿ ಕಣಗಳ ಸಾಲಿನಲ್ಲಿ ‘ಮಿಡ್’ ಎಂಬ ಪದ ಇದೆಯೇ ನೋಡಿ. ಇದ್ದರೆ ಅದು ತ್ರೀ-ಪಾರ್ಟ್ ಯಂತ್ರ: ಮೊನೊಸೈಟ್, ಇಯೊಸಿನೊಫಿಲ್, ಬೇಸೊಫಿಲ್ ಮೂರನ್ನೂ ಒಂದೇ ಗಂಟು ಕಟ್ಟಿ ಎಣಿಸಿದೆ. ಹೊಟ್ಟೆಹುಳು, ಅಲರ್ಜಿ ಇದ್ದವರಲ್ಲಿ ಇಯೊಸಿನೊಫಿಲ್ ಏರಿದ್ದು ಅದರಲ್ಲಿ ಕಾಣುವುದೇ ಇಲ್ಲ. ‘ಪ್ರೀಮಿಯಮ್’ ದರ ಕೊಟ್ಟವರಿಗೆ ಐದೂ ಬಗೆಯನ್ನು ಬೇರೆ ಬೇರೆ ಎಣಿಸುವ ಫೈವ್-ಪಾರ್ಟ್ ಕೇಳುವ ಹಕ್ಕಿದೆ. ಶೇಕಡಾ ಲೆಕ್ಕ ನೋಡಿ ಮೋಸಹೋಗಬೇಡಿ. ಒಟ್ಟು ಬಿಳಿ ಕಣ 3,200, ಅದರಲ್ಲಿ ನ್ಯೂಟ್ರೊಫಿಲ್ ಎಂಬ ಬಗೆ 40% ಎಂದರೆ ನಿಜವಾದ ನ್ಯೂಟ್ರೊಫಿಲ್ 1,280. ಇದು 1,500ಕ್ಕಿಂತ ಕಡಿಮೆ, ವೈದ್ಯರಿಗೆ ತೋರಿಸುವಂಥದ್ದು. 500ಕ್ಕಿಂತ ಕೆಳಗೆ ಇಳಿದು ಜ್ವರವೂ ಬಂದರೆ ಕಾಯುವ ಮಾತೇ ಇಲ್ಲ. ಸೋಂಕನ್ನು ಮೊದಲು ಎದುರಿಸುವ ಕಣಗಳೇ ಇಲ್ಲದಿರುವಾಗ ತಾಸುಗಳಲ್ಲಿ ಸ್ಥಿತಿ ಕೆಡುತ್ತದೆ.

ಈ ಪ್ಯಾಕೇಜಿನ ದೊಡ್ಡ ಕೊರತೆ ಕಬ್ಬಿಣದ ಸಾಲು. ಹೆಚ್ಚಿನವು ಸೀರಮ್ ಐರನ್ ಒಂದನ್ನೇ ಹಾಕಿ ಕೈತೊಳೆದುಕೊಳ್ಳುತ್ತವೆ. ಅದರ ಅಂಕಿ ಬೆಳಿಗ್ಗೆ ಒಂದು, ಸಂಜೆ ಒಂದು. ಕಬ್ಬಿಣದ ಮಾತ್ರೆ ನುಂಗಿದರಂತೂ ಜಿಗಿಯುತ್ತದೆ. ದೇಹದ ಉಗ್ರಾಣ ತೋರಿಸುವುದು ಫೆರಿಟಿನ್. 15ಕ್ಕಿಂತ ಕಡಿಮೆ ಇದ್ದರೆ ಉಗ್ರಾಣ ಬರಿದು. ಆದರೆ ಜ್ವರ, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ, ಆಗ ‘ನಾರ್ಮಲ್’ ಬಂದರೂ ಕೊರತೆ ಇಲ್ಲ ಎನ್ನಲಾಗದು; ಕಡಿಮೆ ಬಂದರೆ ಮಾತ್ರ ಕೊರತೆ ನಿಜವೇ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12, ಗರ್ಭಿಣಿಗೆ 11, ಗಂಡಸಿಗೆ 13ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ಹಸಿ ಅಕ್ಕಿ, ಮಣ್ಣು ತಿನ್ನುವ ಚಪಲ, ಇವು ಅದರ ಬೆನ್ನಿಗೇ ಬರುತ್ತವೆ. ತೊಗರಿಬೇಳೆ ತಿನ್ನುವ ಊರಲ್ಲಿ ಕಬ್ಬಿಣ ಕೊರತೆಯೇ ಎಂದು ಕೇಳುವವರಿದ್ದಾರೆ. ಬೇಳೆ–ಕಾಳಿನ ಕಬ್ಬಿಣ ಕರುಳಿಗೆ ಸರಿಯಾಗಿ ಹತ್ತುವುದಿಲ್ಲ, ಊಟದ ಜೊತೆಗೆ ಚಹಾ ಇದ್ದರೆ ಇನ್ನೂ ಕಡಿಮೆ. ಲಿಂಬೆ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ.

ಸಣ್ಣ ಕಣ ಎಂದಾಕ್ಷಣ ಕಬ್ಬಿಣ ಕೊರತೆಯೇ ಎನ್ನಲಾಗದು, ಥಲಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶವಾಹಿ ಕಾಯಿಲೆ) ವಾಹಕರಲ್ಲೂ ಹಾಗೇ ಇರುತ್ತದೆ. ಎಂಸಿವಿಯನ್ನು ಕೆಂಪು ಕಣದ ಎಣಿಕೆಯಿಂದ (ದಶಲಕ್ಷದಲ್ಲಿ) ಭಾಗಿಸಿ. 68 ಭಾಗಿಸು 5.6 ಎಂದರೆ 12 ಚಿಲ್ಲರೆ. 13ಕ್ಕಿಂತ ಕಡಿಮೆ ಬಂದರೆ ವಾಹಕರಿರಬಹುದು. 68 ಭಾಗಿಸು 3.9 ಎಂದರೆ 17ರ ಮೇಲೆ; ಕಬ್ಬಿಣ ಕೊರತೆಯತ್ತ ಬೆರಳು ತೋರಿಸುತ್ತದೆ. ಇದು ಅಂದಾಜು ಅಷ್ಟೇ. ಖಚಿತ ಮಾಡಲು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಬೇಕು, ಹಿಮೋಗ್ಲೋಬಿನ್ ಎ2 3.5%ಕ್ಕಿಂತ ಹೆಚ್ಚಿದ್ದರೆ ವಾಹಕರು. ಅದನ್ನೂ ಕಬ್ಬಿಣ ಕೊರತೆ ಇಳಿಸಿಬಿಡುತ್ತದೆ, ಹಾಗಾಗಿ ಮೊದಲು ಕೊರತೆ ಸರಿಪಡಿಸಿ. ಸೋದರಮಾವ, ಅತ್ತೆಮಗನ ಸಂಬಂಧ ಬೆಳೆಸುವ ಮನೆಗಳು ಇದನ್ನು ಮದುವೆಗೆ ಮೊದಲೇ ಮಾಡಿಸಬೇಕು. ಗಂಡ–ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿಗೂ ಕಾಯಿಲೆಯ ಮಗುವಿನ ಸಂಭವ ನಾಲ್ಕರಲ್ಲಿ ಒಂದು. 80 ಪರೀಕ್ಷೆಯ ಪಟ್ಟಿಯಲ್ಲಿ ಈ ಒಂದು ಸಾಮಾನ್ಯವಾಗಿ ಇರುವುದಿಲ್ಲ!

‘ಇಮ್ಯುನಿಟಿ ಪ್ರೊಫೈಲ್’ ಹೆಸರೇ ದಾರಿ ತಪ್ಪಿಸುವಂಥದ್ದು. ರೋಗನಿರೋಧಕ ಶಕ್ತಿಯನ್ನು ಒಂದು ಅಂಕಿಯಲ್ಲಿ ಹೇಳುವ ಪರೀಕ್ಷೆ ಇಲ್ಲ. ಒಳಗಿರುವುದು ಉರಿಯೂತ ತೋರಿಸುವ ಸಿಆರ್‌ಪಿ, ಅಲರ್ಜಿಯಲ್ಲಿ ಏರುವ ಐಜಿಇ, ಕೀಲುವಾತಕ್ಕೆ ನೋಡುವ ಆರ್‌ಎ ಫ್ಯಾಕ್ಟರ್, ಮತ್ತೆ ಎಎನ್‌ಎ. ಎಎನ್‌ಎ ಎಂದರೆ ನಮ್ಮದೇ ಜೀವಕೋಶದ ಕೇಂದ್ರದ ಮೇಲೆ ತಿರುಗಿಬಿದ್ದ ಪ್ರತಿಕಾಯ. ಆರೋಗ್ಯವಂತರಲ್ಲೇ 1:80 ಮಟ್ಟದಲ್ಲಿ ನೂರಕ್ಕೆ ಹತ್ತರ ಮೇಲೆ ಜನಕ್ಕೆ ಪಾಸಿಟಿವ್ ಬರುತ್ತದೆ. ಕೀಲುನೋವು, ಮುಖದ ಮೇಲೆ ಬಿಸಿಲಿಗೆ ಕೆಂಪಾಗುವ ಗುಳ್ಳೆ, ಬಾಯಿಹುಣ್ಣು ಇಂಥ ಲಕ್ಷಣ ಇಲ್ಲದವರಿಗೆ ಇದನ್ನು ಮಾಡಿಸುವುದು ಚಿಂತೆ ಕೊಂಡುಕೊಂಡಂತೆ. ಲೂಪಸ್ (ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಅನುಮಾನ ಇದ್ದವರಿಗೆ ಎಎನ್‌ಎ ಜೊತೆಗೆ ಸಾದಾ ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ಹೋಗುತ್ತಿದೆಯೇ ನೋಡುವುದೂ ಮುಖ್ಯ. ಪದೇಪದೇ ನ್ಯುಮೋನಿಯಾ ಆಗುವ ಮಗುವಿಗೆ ಬೇಕಾದ್ದು ಸೋಂಕಿನೊಡನೆ ಹೋರಾಡುವ ಪ್ರತಿಕಾಯಗಳಾದ ಐಜಿಜಿ, ಐಜಿಎ, ಐಜಿಎಂ ಅಳತೆ. ಅವು ಪಟ್ಟಿಯಲ್ಲಿ ಇರುವುದೇ ಅಪರೂಪ.

ಮಕ್ಕಳ ವರದಿಗೆ ದೊಡ್ಡವರ ಅಳತೆಗೋಲೇ ಅಚ್ಚಾಗುವುದು ಇನ್ನೊಂದು ಅಸಡ್ಡೆ. ಮೂರು ವರ್ಷದ ಮಗುವಿನಲ್ಲಿ ಲಿಂಫೊಸೈಟ್ ಎಂಬ ಬಿಳಿ ಕಣ ಹೆಚ್ಚಿರುವುದೇ ಸಹಜ, ಅದಕ್ಕೆ ಕೆಂಪು ಗುರುತು ಹಾಕಿ ಕಳಿಸುತ್ತಾರೆ.

ಪ್ಲೇಟ್‌ಲೆಟ್ ಕಡಿಮೆ ಬಂದು ಚರ್ಮದ ಮೇಲೆ ಕೆಂಪು ಚುಕ್ಕೆ, ವಸಡಿನಲ್ಲಿ ರಕ್ತ ಏನೂ ಇಲ್ಲದಿದ್ದರೆ ಎರಡು ಕೇಳಿ. ಒಂದು, ಗಾಜಿನ ಸ್ಲೈಡಿನ ಮೇಲೆ ಸ್ಮಿಯರ್ (ರಕ್ತದ ತೆಳು ಪದರ) ಎಳೆದು ಪೆಥಾಲಜಿಸ್ಟ್ ಕಣ್ಣಾರೆ ನೋಡಿದರೇ? ಯಂತ್ರ ಗುಂಪುಗಟ್ಟಿದ ಪ್ಲೇಟ್‌ಲೆಟ್ ಎಣಿಸದು. ಬ್ಲಡ್ ಕ್ಯಾನ್ಸರಿನ ಬಲಿಯದ ‘ಬ್ಲಾಸ್ಟ್’ ಕಣ ಖಚಿತವಾಗಿ ಗುರುತಿಸುವುದೂ ಕಣ್ಣೇ. ಎರಡು, ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಿ, ಬಂದ ಅಂಕಿಯನ್ನು 1.1ರಿಂದ ಗುಣಿಸಲಿ. ಕೆಲವರ ರಕ್ತ ಇಡಿಟಿಎಯಲ್ಲಿ ಮಾತ್ರ ಗುಂಪುಗಟ್ಟುತ್ತದೆ. ಆದರೆ ಚುಕ್ಕೆಯೋ ರಕ್ತಸ್ರಾವವೋ ಇದ್ದರೆ, ಇಲ್ಲವೇ ಎಣಿಕೆ 20 ಸಾವಿರದ ಕೆಳಗಿದ್ದರೆ ಮರುಪರೀಕ್ಷೆಗೆ ಮನೆಯಲ್ಲಿ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಅಂಥ ಅಂಕಿ ಬಂದಾಗ ಲ್ಯಾಬಿನವರು ಫೋನು ಮಾಡಿ ಹೇಳುತ್ತಾರೋ, ರಾತ್ರಿ ವಾಟ್ಸಾಪಿನಲ್ಲಿ ಪಿಡಿಎಫ್ ಎಸೆದು ಸುಮ್ಮನಾಗುತ್ತಾರೋ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ.