ಕಾರಿನ ಏಸಿಗೆ ಆರ್-134ಎ ಗ್ಯಾಸ್: ಗುಣ, ಬಳಕೆ ಮತ್ತು ಕೊಳ್ಳುವಾಗ ನೋಡಬೇಕಾದದ್ದು

ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಕಾರುಗಳ ಏಸಿಯಲ್ಲಿರುವುದು ಆರ್-134ಎ, ಅಂದರೆ ಟೆಟ್ರಾಫ್ಲೋರೋಈಥೇನ್ ಎಂಬ ಅನಿಲ. ಕಾರು ಏಸಿ ರಿಪೇರಿಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಭರವಸೆಯಿಟ್ಟು ಬಳಸಬಹುದಾದ ಒಳ್ಳೆಯ ಗ್ಯಾಸ್. ಆದರೆ ಸೋರಿಕೆಯನ್ನು ಹುಡುಕದೆ, ತೂಕ ನೋಡದೆ ತುಂಬಿಸಿಕೊಂಡರೆ ಕೊಟ್ಟ ದುಡ್ಡು ಗಾಳಿಗೆ ಹೋದಂತೆಯೇ.

ಇದು ಸಾಮಾನ್ಯ ವಾಯುಭಾರದಲ್ಲಿ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಕೂಲಿಂಗ್ ಕಾಯಿಲ್‌ನೊಳಗೆ ಕಡಿಮೆ ಒತ್ತಡದಲ್ಲಿ ಆವಿಯಾಗುವಾಗ ಕಾರಿನೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಕಳುಹಿಸಿದ ಮೇಲೆ ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಆ ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ರಾಯಚೂರು, ಕಲಬುರಗಿಯ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿ ಕಂಡೆನ್ಸರ್‌ನೊಳಗೆ 60 ಡಿಗ್ರಿಯಾದರೂ ಒತ್ತಡ ಗೇಜಿನಲ್ಲಿ ಸುಮಾರು 230 ಪಿಎಸ್‌ಐ ತೋರಿಸುತ್ತದೆ, ಇದು ಕಾರಿನ ಪೈಪುಗಳು ನಿರಾಯಾಸವಾಗಿ ತಡೆಯುವ ಒತ್ತಡ. ಬೆಂಕಿ ಹತ್ತುವ ಸ್ವಭಾವವಿಲ್ಲ, ವಿಷತ್ವವೂ ಕಡಿಮೆ. ಆಸ್ತಮಾ ರೋಗಿಗಳ ಇನ್‌ಹೇಲರ್‌ಗಳಲ್ಲಿ ಔಷಧವನ್ನು ಹೊರದೂಡಲು ಇದನ್ನೇ ಬಳಸುವುದು ಅದಕ್ಕೆ ಸಾಕ್ಷಿ. ಹಾಗೆಂದು ಅಸಡ್ಡೆ ಸಲ್ಲದು. ಗಾಳಿಗಿಂತ ಮೂರೂವರೆ ಪಟ್ಟು ಭಾರವಾದ್ದರಿಂದ ಗುಂಡಿಯಲ್ಲಿ, ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರುಗಟ್ಟಿಸುತ್ತದೆ. ದ್ರವ ಚರ್ಮಕ್ಕೆ ತಗುಲಿದರೆ ಹಿಮಗಾಯವಾಗುತ್ತದೆ.

ಹಿಂದೆ ಇದರ ಜಾಗದಲ್ಲಿದ್ದ ಆರ್-12ರಲ್ಲಿ ಕ್ಲೋರಿನ್ ಇದ್ದುದರಿಂದ ಓಝೋನ್ ಪದರಕ್ಕೆ ಹಾನಿಯಾಗುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಪರಿಣಾಮವಾಗಿ 1990ರ ದಶಕದಲ್ಲಿ ಕಾರು ತಯಾರಕರು ಆರ್-134ಎಗೆ ಬದಲಾದರು. ಇದರಲ್ಲಿ ಕ್ಲೋರಿನ್ ಇಲ್ಲ. ಕಂಪ್ರೆಸರ್ ಸವೆಯದಂತೆ ಹಿಂದೆ ಹಾಕುತ್ತಿದ್ದ ಮಿನರಲ್ ಎಣ್ಣೆಯೊಡನೆ ಇದು ಬೆರೆಯದ ಕಾರಣ ಕಾರುಗಳಲ್ಲಿ ಪಿಎಜಿ ಎಂಬ ಸಿಂಥೆಟಿಕ್ ಎಣ್ಣೆಯನ್ನು ಹಾಕುತ್ತಾರೆ. ಆ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುತ್ತದೆ, ಆದ್ದರಿಂದ ಮುಚ್ಚಳ ತೆಗೆದಿಟ್ಟ ಡಬ್ಬಿಯ ಎಣ್ಣೆಯನ್ನು ಸುರಿಯಲು ಬಂದರೆ ಬೇಡವೆನ್ನಿ.

ಪ್ರತಿ ವರ್ಷ ಗ್ಯಾಸ್ ‘ಮುಗಿಯುತ್ತದೆ’ ಎಂಬ ನಂಬಿಕೆ ಗಿರಾಕಿಗಳಲ್ಲಿ ಬಲವಾಗಿದೆ, ಕೆಲವು ಮೆಕ್ಯಾನಿಕ್‌ಗಳೂ ಅದನ್ನು ಪೋಷಿಸುತ್ತಾರೆ. ಪೆಟ್ರೋಲಿನಂತೆ ಇದು ಖರ್ಚಾಗುವ ವಸ್ತುವಲ್ಲ. ಹಲವು ವರ್ಷಗಳಲ್ಲಿ ಹೋಸುಗಳ ಮೂಲಕ ಸ್ವಲ್ಪ ಜಿನುಗುವುದು ಸಹಜ, ಆದರೆ ಒಂದೇ ಬೇಸಿಗೆಯಲ್ಲಿ ತಂಪು ಹೋಯಿತೆಂದರೆ ಎಲ್ಲೋ ಲೀಕ್ ಇದೆ. ಗ್ಯಾಸಿನ ಜೊತೆ ಎಣ್ಣೆಯೂ ಓಡಾಡುವುದರಿಂದ ಲೀಕ್ ಇರುವ ಜಾಯಿಂಟಿನ ಸುತ್ತ ಧೂಳು ಅಂಟಿಕೊಂಡು ಕಪ್ಪಾದ, ಜಿಡ್ಡಿನ ಕಲೆ ಕಾಣುತ್ತದೆ. ಬಾನೆಟ್ ತೆರೆದು ಟಾರ್ಚ್ ಹಾಕಿದರೆ ಮಾಲೀಕರೇ ಅದನ್ನು ಗುರುತಿಸಬಹುದು. ಓ-ರಿಂಗ್, ಚಾರ್ಜಿಂಗ್ ವಾಲ್ವಿನ ಪಿನ್, ಕಲ್ಲು ಸಿಡಿದು ಪೆಟ್ಟಾದ ಕಂಡೆನ್ಸರ್, ಹೆಚ್ಚಾಗಿ ದೋಷವಿರುವುದು ಇಲ್ಲಿಯೇ.

ಲೀಕ್ ಸರಿಪಡಿಸಿದ ಮೇಲೆ ವ್ಯಾಕ್ಯೂಮ್ ಪಂಪನ್ನು ಅರ್ಧ ಗಂಟೆಯಾದರೂ ಓಡಿಸಿ ತೇವವನ್ನು ಎಳೆದು, ನಂತರ ಗ್ಯಾಸನ್ನು ತೂಕದ ಲೆಕ್ಕದಲ್ಲಿ ತುಂಬಬೇಕು. ಎಷ್ಟು ಗ್ರಾಂ ಬೇಕೆಂಬುದು ಬಾನೆಟ್ ಅಡಿಯ ಸ್ಟಿಕ್ಕರಿನಲ್ಲಿರುತ್ತದೆ. ಸಣ್ಣ ಕಾರುಗಳಿಗೆ ಅದು ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು. ಗೇಜನ್ನಷ್ಟೇ ನೋಡಿ ಅಂದಾಜಿನಲ್ಲಿ ತುಂಬಿದರೆ ಹೆಚ್ಚಾದ ಗ್ಯಾಸೇ ತಂಪನ್ನು ಕೆಡಿಸಿ ಕಂಪ್ರೆಸರ್ ಮೇಲೆ ಹೊರೆ ಹಾಕುತ್ತದೆ. ತಕ್ಕಡಿ ಇಡದ ಅಂಗಡಿಯಲ್ಲಿ ಈ ಕೆಲಸ ಮಾಡಿಸಬೇಡಿ.

ಸಿಲಿಂಡರ್ ಕೊಳ್ಳುವವರು ಕಲಬೆರಕೆಯ ಬಗ್ಗೆ ಎಚ್ಚರವಾಗಿರಬೇಕು. 2011ರಲ್ಲಿ ಆರ್-134ಎ ಎಂದು ನಂಬಿ ತುಂಬಿದ ಗ್ಯಾಸಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿದ್ದು, ಅದು ಅಲ್ಯೂಮಿನಿಯಂ ಜೊತೆ ವರ್ತಿಸಿ ಹಡಗಿನ ಶೀತಲ ಕಂಟೇನರ್‌ಗಳು ಸಿಡಿದು ಪ್ರಾಣಹಾನಿಯಾಗಿತ್ತು. ನೆರಳಿನಲ್ಲಿ ಕೆಲವು ಗಂಟೆ ಇಟ್ಟ ಸಿಲಿಂಡರಿನ ಒತ್ತಡ 30 ಡಿಗ್ರಿಯಲ್ಲಿ 97 ಪಿಎಸ್‌ಐ ಹತ್ತಿರವಿರಬೇಕು. ಇದು ಮೊದಲ ಪರೀಕ್ಷೆ ಮಾತ್ರ. ಎಲ್‌ಪಿಜಿ ಜಾತಿಯ ಕೆಲವು ಮಿಶ್ರಣಗಳೂ ಇದಕ್ಕೆ ಹತ್ತಿರದ ಒತ್ತಡ ತೋರಿಸುವುದರಿಂದ, ದೊಡ್ಡ ವರ್ಕ್‌ಶಾಪುಗಳು ಗ್ಯಾಸ್ ಗುರುತಿಸುವ ಯಂತ್ರವನ್ನು ಇಟ್ಟುಕೊಳ್ಳುವುದು ಕ್ಷೇಮ. ಎಸ್‌ಆರ್‌ಎಫ್ ಸಂಸ್ಥೆ ಭಾರತದಲ್ಲಿಯೇ ತಯಾರಿಸುವ ಫ್ಲೋರಾನ್‌ನಂತಹ ಹೆಸರಾಂತ ಸರಕನ್ನು ಅಧಿಕೃತ ವಿತರಕರಿಂದ ಬಿಲ್ ಸಹಿತ ಕೊಳ್ಳುವುದೇ ಲೇಸು.

ಈ ಗ್ಯಾಸಿನ ದೊಡ್ಡ ದೋಷ ವಾತಾವರಣಕ್ಕೆ ಸಂಬಂಧಿಸಿದ್ದು. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಅರ್ಧ ಕಿಲೋ ಹೊರಬಿಟ್ಟರೆ ಏಳು ಕ್ವಿಂಟಲ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟದ್ದಕ್ಕೆ ಸಮ. ಹಳೆಯ ಗ್ಯಾಸನ್ನು ವಾಲ್ವ್ ಒತ್ತಿ ಬಯಲಿಗೆ ಬಿಡುವ ಅಭ್ಯಾಸವನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ, ಏಕೆಂದರೆ ರಿಕವರಿ ಯಂತ್ರದಿಂದ ಅದನ್ನು ಹಿಡಿದು, ಶುದ್ಧಗೊಳಿಸಿ ಮತ್ತೆ ಬಳಸಬಹುದು. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಇದನ್ನು ಹಾಕುವಂತಿಲ್ಲ. ಇಂತಹ ಗ್ಯಾಸುಗಳನ್ನು ಕಡಿಮೆ ಮಾಡಲು ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿಸಿದ ಕಿಗಾಲಿ ತಿದ್ದುಪಡಿಗೆ 2021ರಲ್ಲಿ ಒಪ್ಪಿಗೆ ನೀಡಿರುವ ಭಾರತ 2028ರಲ್ಲಿ ಅವುಗಳ ಪ್ರಮಾಣಕ್ಕೆ ಮಿತಿ ಹಾಕಿ, 2032ರಿಂದ ಹಂತಹಂತವಾಗಿ ಇಳಿಸಬೇಕಿದೆ. ಆದ್ದರಿಂದ ಈಗಿರುವ ಕಾರಿಗೆ ಆರ್-134ಎಯನ್ನೇ ಧಾರಾಳವಾಗಿ ಮುಂದುವರಿಸಬಹುದು. ಸ್ಟಿಕ್ಕರಿನಲ್ಲಿ ಆರ್-1234ವೈಎಫ್ ಎಂಬ ಹೊಸ ಗ್ಯಾಸಿನ ಹೆಸರಿರುವ ಕಾರಿಗೆ ಮಾತ್ರ, ಅಗ್ಗವಾಯಿತೆಂದು ಇದನ್ನು ತುಂಬಿಸಕೂಡದು.