ಆಮ್ಲೋಡಿಪಿನ್ ಬಿಟ್ಟು ಸಿಲ್ನಿಡಿಪಿನ್‌ಗೆ ಬಂದೆ, ಕಾಲಿನ ಬಾವು ಇಳಿಯಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಲ್ನಿಡಿಪಿನ್‌ಗೆ. ಬಿಪಿಗೆ ಎರಡನ್ನೂ ತಿಂಗಳುಗಟ್ಟಲೆ ನುಂಗಿದ್ದೇನೆ. ಬಿಪಿ ಇಳಿಸುವುದರಲ್ಲಿ ನನಗೆ ಎರಡೂ ಒಂದೇ.

ಕಾಟ ಕೊಟ್ಟಿದ್ದು ಕಾಲು. ಆಮ್ಲೋಡಿಪಿನ್ 5 ಮಿ.ಗ್ರಾಂ. ಇದ್ದಾಗ ಏನೂ ಇರಲಿಲ್ಲ. 10ಕ್ಕೆ ಏರಿಸಿದ ಕೆಲವೇ ವಾರಗಳಲ್ಲಿ ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಬಿಗಿಯಾಗತೊಡಗಿತು, ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಕಿಡ್ನಿ ಕೈಕೊಟ್ಟಿತೇನೋ ಅಂತ ಮನೆಯವರೆಲ್ಲ ಹೆದರಿದರು. ಉಪ್ಪು ಕಡಿಮೆ ಮಾಡಿದೆ. ನೀರಿಳಿಸುವ ಮಾತ್ರೆಯನ್ನೂ ಸೇರಿಸಿದರು, ಮೂತ್ರ ಜಾಸ್ತಿ ಆಯಿತೇ ಹೊರತು ಬಾವು ಜಗ್ಗಲಿಲ್ಲ.

ಜಗ್ಗುವುದಾದರೂ ಹೇಗೆ? ಅದು ಮೈಯಲ್ಲಿ ನೀರು ಹೆಚ್ಚಾಗಿ ಬಂದ ಬಾವಲ್ಲ. ರಕ್ತ ತರುವ ಸಣ್ಣ ನಾಳ ಅಗಲವಾಗಿ, ವಾಪಸ್ ಒಯ್ಯುವ ನಾಳ ಮೊದಲಿನಂತೇ ಉಳಿದು, ನಡುವಿನ ಎಳೆಯಂಥ ನಾಳಗಳಲ್ಲಿ ಒತ್ತಡ ಏರಿ ನೀರು ಹೊರಗೆ ಜಿನುಗಿದ್ದು.

ಕಿಡ್ನಿಯಲ್ಲೂ ಇಂಥದ್ದೇ ನಡೆಯುತ್ತದೆ. ನನ್ನ ಮೂತ್ರದಲ್ಲಿ ಸ್ವಲ್ಪ ಪ್ರೋಟೀನ್ ಹೋಗುತ್ತಿದೆ, ಹಾಗಾಗಿ ನನಗೆ ಇದೇ ದೊಡ್ಡ ವಿಷಯ. ನಾಳದ ಗೋಡೆಯ ಸ್ನಾಯು ಬಿಗಿಯಬೇಕಾದರೆ ಕ್ಯಾಲ್ಸಿಯಂ ಒಳಗೆ ನುಗ್ಗಬೇಕು. ಜೀವಕೋಶದ ಒಳಗಿಗಿಂತ ಹೊರಗೆ ಸುಮಾರು 10,000 ಪಟ್ಟು ಕ್ಯಾಲ್ಸಿಯಂ ಇರುತ್ತದೆ, ಕೋಶದ ಗೋಡೆಯಲ್ಲಿ ಅದಕ್ಕಿರುವ ಬಾಗಿಲು, ಅಂದರೆ ಚಾನೆಲ್, ತೆರೆದರೆ ಸಾಕು. ಈ ಚಾನೆಲ್‌ಗಳಲ್ಲಿ ಎಲ್-ಟೈಪ್, ಎನ್-ಟೈಪ್ ಅಂತೆಲ್ಲ ಬಗೆಗಳಿವೆ. ಗ್ಲೊಮೆರುಲಸ್ ಅನ್ನುವ ರಕ್ತ ಸೋಸುವ ಗಂಟಿಗೆ ರಕ್ತ ತರುವ ನಾಳ ಮುಖ್ಯವಾಗಿ ಎಲ್-ಟೈಪ್ ಚಾನೆಲ್ಲನ್ನೇ ನೆಚ್ಚಿಕೊಂಡಿದೆ. ಹೊರಗೊಯ್ಯುವ ನಾಳದಲ್ಲಿ ಅದರ ಕೆಲಸ ತೀರಾ ಕಡಿಮೆ. ಆಮ್ಲೋಡಿಪಿನ್ ಮುಚ್ಚುವುದು ಹೆಚ್ಚಾಗಿ ಎಲ್-ಟೈಪನ್ನೇ. ಬರುವ ದಾರಿ ಅಗಲ, ಹೋಗುವ ದಾರಿ ಬಿಗಿ, ಗಂಟಿನೊಳಗೆ ಒತ್ತಡ ಇಳಿಯುವುದಿಲ್ಲ, ಒತ್ತಡ ಇಳಿಯದಿದ್ದರೆ ಪ್ರೋಟೀನ್ ಸೋರುವುದು ಕಡಿಮೆಯಾಗುವುದೂ ಕಷ್ಟ. ಸಿಲ್ನಿಡಿಪಿನ್ ಇದರ ಜೊತೆಗೆ ನರದ ತುದಿಯಲ್ಲಿರುವ ಎನ್-ಟೈಪನ್ನೂ ಮುಚ್ಚುತ್ತದೆ, ಆಗ ನಾಳ ಬಿಗಿಸುವ ನಾರ್‌ಅಡ್ರಿನಲಿನ್ ಕಡಿಮೆ ಬರುತ್ತದೆ, ಹೋಗುವ ನಾಳವೂ ಸಡಿಲವಾಗುತ್ತದೆ.

ವೈದ್ಯರ ಜೊತೆ ಮಾತಾಡಿ ಬದಲಿಸಿದೆ. ಮೂರು ವಾರದಲ್ಲಿ ಗುಳಿ ಬೀಳುವುದು ನಿಂತಿತು.

ಬೆಲೆಯಲ್ಲಿ ಆಮ್ಲೋಡಿಪಿನ್ನೇ ಅಗ್ಗ. ಮರೆವಿನವರಿಗೂ ಅದೇ ಒಳ್ಳೆಯದು, ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಮದ್ದು ಅರ್ಧಕ್ಕಿಳಿಯಲು ಬೇಕಾದ ಹೊತ್ತು, 30ರಿಂದ 50 ಗಂಟೆ, ಒಂದು ದಿನ ತಪ್ಪಿದರೂ ಬಿಪಿ ಒಮ್ಮೆಲೇ ಏರುವುದಿಲ್ಲ. ಸಿಲ್ನಿಡಿಪಿನ್ ಅಷ್ಟು ಹೊತ್ತು ಉಳಿಯುವುದಿಲ್ಲ. ನಾನು ಬೆಳಿಗ್ಗೆ ಹಲ್ಲುಜ್ಜಿದ ತಕ್ಷಣ ನುಂಗುವವನು, ಹಾಗಾಗಿ ನನಗೆ ತೊಂದರೆ ಆಗಿಲ್ಲ. ಆಮ್ಲೋಡಿಪಿನ್ 5 ಮಿ.ಗ್ರಾಂನಲ್ಲೇ ಬಿಪಿ ನಿಂತು, ಕಾಲು ಊದದೆ, ಮೂತ್ರದಲ್ಲಿ ಪ್ರೋಟೀನೂ ಇಲ್ಲದವರು ಸುಮ್ನೆ ಬದಲಿಸಿ ದುಡ್ಡು ಯಾಕೆ ಜಾಸ್ತಿ ಕೊಡಬೇಕು, ಅಲ್ವಾ? ನಾನಂತೂ ವಾಪಸ್ ಹೋಗುವುದಿಲ್ಲ.