ಹಳೇ ಬೋರ್ ಉಳಿಸುವುದೋ, ಹೊಸ ಕಿಟ್ ಕೂರಿಸುವುದೋ: ಪಿಕಪ್ ಹೋದ ಚೈನ್‌ಸಾ

ಬೋರಿನ, ಅಂದರೆ ಪಿಸ್ಟನ್ ಓಡುವ ಒಳಗೋಡೆಯ, ಗಟ್ಟಿ ಲೇಪ ಉಳಿದಿರುವ ಹಳೇ ಸಿಲಿಂಡರ್ ಎಂದರೆ ನನಗೆ ಚಿನ್ನ. ಅದನ್ನು ತೊಳೆದು, ಒಳ್ಳೆಯ ಪಿಸ್ಟನ್ ಒಂದನ್ನು ಹಾಕಿದರೆ ದುಡಿದು ಸುಸ್ತಾದ ಗರಗಸ ಮತ್ತೆ ದಿಮ್ಮಿಯೊಳಗೆ ಇಳಿಯುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್ ಮಾತ್ರ ಬದಲಿಸುವುದು, ಅಗ್ಗದ ನಕಲು ಕಿಟ್ (ಸಿಲಿಂಡರ್, ಪಿಸ್ಟನ್ ಸೆಟ್), ಕಂಪನಿಯ ಅಸಲಿ ಕಿಟ್, ಹಳೇ ಬೋರಿಗೆ ಹೊಸ ಪಿಸ್ಟನ್: ಈ ನಾಲ್ಕನ್ನೂ 50ರಿಂದ 70 ಸಿಸಿ ಗರಗಸಗಳಲ್ಲಿ ಮಾಡಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಬಿಚ್ಚುವ ಮೊದಲು ಚೈನ್ ಮಸೆದು ನೋಡಿ. ಹೊಟ್ಟು ಚಕ್ಕೆಯಾಗಿ ಬೀಳದೆ ಹಿಟ್ಟಿನಂತೆ ಉದುರಿದರೆ ತಪ್ಪು ಎಂಜಿನ್ನಿನದಲ್ಲ. ಸೈಲೆನ್ಸರ್ ಬಾಯಿಯ ಕಿಡಿ ತಡೆಯುವ ಜಾಲರಿಯಲ್ಲಿ ಮಸಿ ಕಟ್ಟಿದ್ದರೂ ಗಾಡಿ ಉಸಿರುಗಟ್ಟಿದಂತೆ ಆಡುತ್ತದೆ. ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ: ಸ್ಪಾರ್ಕ್ ಪ್ಲಗ್ ತೂತಿಗೆ ಗೇಜು ತಿರುಗಿಸಿ, ಸ್ವಿಚ್ ಆಫ್, ಥ್ರಾಟಲ್ ಪೂರ್ತಿ ಒತ್ತಿ, ಹಗ್ಗ ಎಳೆಯಲು ಹಗುರವಾಗಲೆಂದು ಒತ್ತಡ ಬಿಡುವ ಡಿಕಂಪ್ರೆಷನ್ ಬಟನ್ ಇದ್ದರೆ ಅದು ಮುಚ್ಚಿರಲಿ, ಮುಳ್ಳು ಇನ್ನು ಏರದು ಎನ್ನುವವರೆಗೆ ಹಗ್ಗ ಎಳೆಯಿರಿ. ಈ ಗಾತ್ರದ ಆರೋಗ್ಯವಂತ ಗರಗಸ ಸಾಮಾನ್ಯವಾಗಿ 140ರಿಂದ 170 ಪಿಎಸ್‌ಐ ತೋರಿಸುತ್ತದೆ. 110ಕ್ಕೆ ಇಳಿದಿದ್ದರೆ ಕಾರ್ಬುರೇಟರ್ ತಿರುಚುತ್ತ ಕೂರುವುದು ವ್ಯರ್ಥ. ಗೇಜಿನ ಒಮ್ಮುಖ ವಾಲ್ವ್ ಪ್ಲಗ್ ತೂತಿಗೆ ತಿರುಗಿಸುವ ತುದಿಯಲ್ಲೇ ಇರಬೇಕು. ಮೀಟರಿನ ಬುಡದಲ್ಲಿದ್ದರೆ ಪೈಪಿನೊಳಗಿನ ಜಾಗವೂ ಲೆಕ್ಕಕ್ಕೆ ಸೇರಿ, ಒಳ್ಳೆಯ ಎಂಜಿನ್ ಕೂಡ ಸತ್ತಂತೆ ಕಾಣುತ್ತದೆ.

ಸೈಲೆನ್ಸರ್ ಬಿಚ್ಚಿ ಪಿಸ್ಟನ್ ಮುಖ ನೋಡಿ. ಎಕ್ಸಾಸ್ಟ್ ಕಡೆ ಉದ್ದುದ್ದ ಗೀರಿದ್ದರೆ ಆಯಿಲ್ ಸಾಲದೆ ಅಥವಾ ಗಾಳಿ ಸೋರಿ ಕಾದಿದೆ. ಇನ್‌ಟೇಕ್ ಕಡೆ ಮೈ ಮಂಕಾಗಿ ಸವೆದಿದ್ದರೆ ಫಿಲ್ಟರ್ ದಾಟಿ ದೂಳು ನುಗ್ಗಿದೆ. ಕಾರಣ ಹಾಗೇ ಉಳಿದರೆ ಯಾವ ಕಿಟ್ ಹಾಕಿದರೂ ಅದರ ಗತಿಯೂ ಅಷ್ಟೇ.

ರಿಂಗ್ ಮಾತ್ರ ಬದಲಿಸುವುದು ಅಗ್ಗ, ಅರ್ಧ ದಿನದ ಕೆಲಸ. ಹಳೇ ರಿಂಗನ್ನು ಬೋರಿಗಿಳಿಸಿ, ಪಿಸ್ಟನ್ ತಲೆಯಿಂದ ನೇರ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ಅಳೆಯಿರಿ. 1 ಮಿ.ಮೀ. ಮುಟ್ಟಿದ್ದರೆ ಅದರ ಆಯಸ್ಸು ಮುಗಿಯಿತು. ಆದರೆ ದೂಳು ತಿಂದ ಗರಗಸದಲ್ಲಿ ಪಿಸ್ಟನ್ನಿನ ಮೈಯೂ ರಿಂಗ್ ಕೂರುವ ತೋಡೂ ಒಟ್ಟಿಗೇ ಸವೆದಿರುತ್ತವೆ. ಅಲ್ಲಾಡುವ ಪಿಸ್ಟನ್ ಮೇಲೆ ಹೊಸ ರಿಂಗ್ ಗೋಡೆಗೆ ಸರಿಯಾಗಿ ಒರಗುವುದಿಲ್ಲ. ಗೇಜು ಸ್ವಲ್ಪ ಏರಿ ಅಲ್ಲಿಗೇ ನಿಲ್ಲುತ್ತದೆ.

ಇನ್ನು ನಕಲು ಕಿಟ್. ಹೊಸ ಸಿಲಿಂಡರ್, ಪಿಸ್ಟನ್, ರಿಂಗ್, ಪಿನ್, ಲಾಕ್ ಎಲ್ಲ ಒಂದೇ ಡಬ್ಬಿಯಲ್ಲಿ, ಅದೂ ಅಸಲಿಯ ಎಷ್ಟೋ ಪಾಲು ಕಡಿಮೆ ಬೆಲೆಗೆ. ಹೊರಗಿನ ಹೊಳಪಿಗೆ ಮರುಳಾಗುವ ಮುನ್ನ ಬೋರಿನೊಳಗೆ ಬೆರಳಿಟ್ಟು, ಹೊಗೆ ಹೊರಹೋಗುವ ಎಕ್ಸಾಸ್ಟ್ ಕಿಂಡಿಯ ಅಂಚಿನ ಮೇಲೆ ಉಗುರು ಎಳೆಯಿರಿ. ಉಗುರು ಹೆರೆದುಕೊಂಡು ಬಂದರೆ ರಿಂಗಿಗೂ ಅದೇ ಗತಿ. ಪಿಸ್ಟನ್ ಪ್ರತಿ ಸಲ ಕಿಂಡಿ ದಾಟುವಾಗ ರಿಂಗ್ ಸ್ಪ್ರಿಂಗಿನಂತೆ ತುಸು ಹೊರಗೆ ಉಬ್ಬುತ್ತದೆ. ಅಂಚು ಇಳಿಜಾರಾಗಿದ್ದರೆ ಅದು ನಯವಾಗಿ ಒಳಗೆ ಸರಿಯುತ್ತದೆ. ಅಂಚು ಕತ್ತಿಯಂತಿದ್ದರೆ ಸಿಕ್ಕಿಕೊಳ್ಳುತ್ತದೆ. ನಿಮಿಷಕ್ಕೆ 12,000 ಸುತ್ತಿನಲ್ಲಿ, ಅಂದರೆ ಸೆಕೆಂಡಿಗೆ 200 ಸಲ, ಈ ತಿಕ್ಕಾಟ ನಡೆದರೆ ರಿಂಗ್ ಬೇಗ ಸವೆಯುತ್ತದೆ, ಇಲ್ಲವೇ ತುಂಡಾಗಿ ಬೋರ್ ಸೀಳುತ್ತದೆ. ಕಿಂಡಿ ಅಗಲವಿದ್ದಷ್ಟೂ ಅಪಾಯ ಹೆಚ್ಚು.

ಸರಿಪಡಿಸಬಹುದು, ತಾಳ್ಮೆ ಬೇಕು. ವಜ್ರದ ಪುಡಿ ಅಂಟಿಸಿದ ಸಣ್ಣ ಅರದಿಂದ ಕಿಂಡಿಯ ಮೇಲಂಚು ಕೆಳಂಚುಗಳಿಗೆ ಅರ್ಧ ಮಿ.ಮೀ.ಗಿಂತ ಹೆಚ್ಚಿಲ್ಲದ ಇಳಿಜಾರು ಕೊಡಬೇಕು. ಅರ ಓಡಬೇಕಾದದ್ದು ಬೋರಿನಿಂದ ಕಿಂಡಿಯೊಳಕ್ಕೆ. ತಿರುಗಾ ಎಳೆದರೆ ಗಟ್ಟಿ ಲೇಪವನ್ನು ಅಲ್ಯೂಮಿನಿಯಂನಿಂದ ಎಬ್ಬಿಸಿದಂತೆ, ಮುಂದೆ ಅಲ್ಲಿಂದಲೇ ಹಪ್ಪಳವಾಗಿ ಸುಲಿಯುತ್ತದೆ. ಕೊನೆಗೆ 600ರ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜಿ, ಸೋಪುನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಟ್ರಾನ್ಸ್‌ಫರ್ ದಾರಿಗಳಲ್ಲಿ, ಅಂದರೆ ಇಂಧನ ಕೆಳಗಿನಿಂದ ಬೋರಿಗೆ ಏರುವ ಹಾದಿಗಳಲ್ಲಿ, ಎರಕದ ಚೂರು ನೇತಾಡುತ್ತಿದ್ದರೆ ಅದನ್ನೂ ಕಿತ್ತುಹಾಕಿ. ಹೊಸ ಸಾಮಾನು ಕೊಂಡು ಇಷ್ಟೆಲ್ಲ ನಾವೇ ಮಾಡಬೇಕೆ ಎಂದು ಕೇಳಿದರೆ, ಬೆಲೆ ಕಡಿಮೆಯಾದದ್ದು ಈ ಕೆಲಸವನ್ನು ಕಿಟ್ ಮಾಡುವವರು ಬಿಟ್ಟಿದ್ದರಿಂದಲೇ.

ನಕಲು ಕಿಟ್ ಜೊತೆ ಬರುವ, ಪಿನ್ ಜಾರದಂತೆ ಹಿಡಿಯುವ ಪಿಸ್ಟನ್ ಪಿನ್ ಲಾಕ್‌ಗಳನ್ನು ನೇರ ಕಸಕ್ಕೆ ಹಾಕಿ, ಅಸಲಿ ಲಾಕ್ ತನ್ನಿ.

ಹೊಸ ಕಿಟ್ ಹಾಕಿದರೂ ಪಿಕಪ್ ಬಾರದಿರುವುದಕ್ಕೆ ಇನ್ನೊಂದು ಕಾರಣ ಪಿಸ್ಟನ್ ತಲೆಗೂ ಸಿಲಿಂಡರ್ ಮಾಡಿಗೂ ನಡುವಿನ ಸಂದು. ಮೆತು ಬೆಸುಗೆ ತಂತಿಯನ್ನು ಪ್ಲಗ್ ತೂತಿನಿಂದ, ಪಿನ್ ಇರುವ ದಿಕ್ಕಿನಲ್ಲಿ ಗೋಡೆ ಮುಟ್ಟುವವರೆಗೆ ತೂರಿಸಿ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಿಂದ ಅಳೆಯಿರಿ. ನಾನು ಇಟ್ಟುಕೊಳ್ಳುವುದು 0.5 ಮಿ.ಮೀ. ನಕಲಿಯಲ್ಲಿ 1 ಮಿ.ಮೀ. ದಾಟಿದ್ದೂ ಉಂಟು, ಕಂಪ್ರೆಷನ್ ಅಲ್ಲೇ ಸೋತಿತು.

ಈಗ ನನ್ನ ಮೆಚ್ಚಿನದು, ಹಳೇ ಬೋರಿಗೆ ಹೊಸ ಪಿಸ್ಟನ್. ಸೀಝ್ ಆದ (ಪಿಸ್ಟನ್ ಕಾದು ಕಚ್ಚಿಕೊಂಡ) ಬೋರಿನಲ್ಲಿ ಕಾಣುವ ಬೂದು ಗೀರುಗಳು ಬಹುಪಾಲು ಬೋರಿನ ಗಾಯವಲ್ಲ, ಕರಗಿ ಮೆತ್ತಿಕೊಂಡ ಪಿಸ್ಟನ್ನಿನ ಅಲ್ಯೂಮಿನಿಯಂ. ಹೈಡ್ರೋಕ್ಲೋರಿಕ್ ಆಸಿಡ್ ಅದನ್ನು ತಿನ್ನುತ್ತದೆ, ಬೋರಿನ ಗಟ್ಟಿ ನಿಕ್ಕಲ್ ಲೇಪವಾದ ನಿಕಾಸಿಲ್ ಅನ್ನು ಮುಟ್ಟುವುದಿಲ್ಲ. ಸಿಲಿಂಡರನ್ನು ಕ್ರ್ಯಾಂಕ್‌ಕೇಸ್‌ನಿಂದ ಬಿಚ್ಚಿ ಬಯಲಿಗೆ ತಂದು, ಕೈಗವಸು ಕನ್ನಡಕ ಹಾಕಿಕೊಂಡು, ಕಿವಿ ಕಡ್ಡಿಯಷ್ಟು ಹತ್ತಿಯಿಂದ ಗೀರಿನ ಮೇಲೆ ಮಾತ್ರ ಸವರಿ. ನೊರೆ ಏಳುತ್ತದೆ, ಒರೆಸಿ, ಮತ್ತೆ ಸವರಿ. ಕಿಂಡಿಯ ಅಂಚಿಗೆ ತಾಗಿಸಬೇಡಿ, ಅಲ್ಲಿ ಲೇಪವಿಲ್ಲದ ಲೋಹವಿದೆ. ನೊರೆ ನಿಂತರೆ ಅಂಟಿದ್ದು ಮುಗಿಯಿತು. ಗೀರು ಮಾಯವಾದ ಮೇಲೂ ಒಂದೇ ಜಾಗದಲ್ಲಿ ನೊರೆ ಏಳುತ್ತಲೇ ಇದ್ದರೆ ಲೇಪ ತೂತಾಗಿದೆ, ಆ ಸಿಲಿಂಡರ್ ಆಸೆ ಬಿಡಿ. ಉಕ್ಕಿನ ಸೂಜಿಯಿಂದ ಗೀಚಿಯೂ ತಿಳಿಯಬಹುದು: ಲೇಪ ಗೀರು ಹಿಡಿಯುವುದಿಲ್ಲ, ಅಲ್ಯೂಮಿನಿಯಂ ಹಿಡಿಯುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, 400ರ ನೀರುಕಾಗದದಿಂದ ಓರೆಯಾಗಿ, ಎರಡೂ ದಿಕ್ಕಿಗೆ, ಹಗುರವಾಗಿ ಉಜ್ಜಿ. ಉಪಕರಣಗಳ ಹತ್ತಿರ ಆಸಿಡ್ ಬಾಟಲಿ ತೆರೆದಿಡಬೇಡಿ, ಅದರ ಹೊಗೆಗೇ ಸ್ಪ್ಯಾನರುಗಳು ತುಕ್ಕು ಹಿಡಿಯುತ್ತವೆ.

ಇಲ್ಲಿ ಉಳಿದ ದುಡ್ಡನ್ನು ಪಿಸ್ಟನ್ನಿಗೆ ಹಾಕಿ. ಅಸಲಿ ಸಿಗದಿದ್ದರೆ ಇಟಲಿಯ ಮೀಟಿಯೋರ್ ಪಿಸ್ಟನ್ ನನಗೆ ಒಪ್ಪಿಗೆ. ಬಾಣದ ಗುರುತು ಎಕ್ಸಾಸ್ಟ್ ಕಡೆಗಿರಲಿ. ರಿಂಗಿನ ಬಾಯಿ ತೋಡಿನೊಳಗಿನ ಪುಟ್ಟ ಮೊಳೆಗೆ ಸರಿಯಾಗಿ ಕೂರಲಿ. ಕಿಂಡಿಗಳು ಕಂಪನಿ ಕೊರೆದವೇ ಆದ್ದರಿಂದ ಮೊದಲಿನ ಶಕ್ತಿ ಮೊದಲಿನ ಸುತ್ತಿನಲ್ಲೇ ಬರುತ್ತದೆ. ನಕಲು ಸಿಲಿಂಡರ್ ಗೇಜಿನಲ್ಲಿ ಇದಕ್ಕೆ ಸಮ ಬಂದರೂ ದಪ್ಪ ದಿಮ್ಮಿಯಲ್ಲಿ ಮೊದಲು ಏದುವುದು ಅದೇ.

ಅಸಲಿ ಕಿಟ್ ಬಗ್ಗೆ ದೂರಿಲ್ಲ, ಬೆಲೆಯೊಂದೇ ಸಮಸ್ಯೆ. ಲೇಪ ತೂತಾಗಿ, ದಿನವಿಡೀ ಗರಗಸ ಓಡಲೇಬೇಕೆಂದರೆ ಅದನ್ನೇ ಹಾಕಿ. ವರ್ಷಕ್ಕೆ ನಾಲ್ಕು ಸಲ ಸೌದೆ ಕೊಯ್ಯುವವರಿಗೆ ಅಂಚು ತಿದ್ದಿದ ನಕಲಿಯೇ ಸಾಕು. ನನಗೆ ಬಿಡುವಿದೆ, ದುಡ್ಡು ಅಳತೆಯದು, ಆದ್ದರಿಂದ ಆಸಿಡ್ ಬಾಟಲಿ.

ಯಾವುದನ್ನೇ ಹಾಕಿದರೂ ಸ್ಟಾರ್ಟ್ ಮಾಡುವ ಮುನ್ನ ಎಕ್ಸಾಸ್ಟ್, ಇನ್‌ಟೇಕ್ ಮುಚ್ಚಿ, ಸೋರಿಕೆ ನೋಡಲು 0.5 ಬಾರ್ ಗಾಳಿ ತುಂಬಿ. ಗೇಜಿನ ಮುಳ್ಳು ಇಳಿದರೆ ಸೋಪುನೀರು ಹಚ್ಚಿ ಗುಳ್ಳೆ ಹುಡುಕಿ. ಆಮೇಲೆ ಅಷ್ಟೇ ನಿರ್ವಾತದಲ್ಲೂ ನೋಡಿ, ಒತ್ತಡಕ್ಕೆ ತಡೆದುಕೊಂಡ ಕ್ರ್ಯಾಂಕ್ ಸೀಲ್ ಎಳೆತಕ್ಕೆ ಬಾಯಿ ಬಿಡುವುದುಂಟು. ಮೊದಲ ಮೂರು ಟ್ಯಾಂಕ್ ಮುಗಿಯುವವರೆಗೆ ಕಾರ್ಬುರೇಟರಿನ ಎಚ್ ಸ್ಕ್ರೂ (ಪೂರ್ತಿ ವೇಗದಲ್ಲಿ ಪೆಟ್ರೋಲ್ ಅಳತೆ ಮಾಡುವುದು) ತುಸು ಸಡಿಲವಾಗಿರಲಿ: ಖಾಲಿ ಓಡುವಾಗ ಗೊಗ್ಗರು ದನಿ ಬರಬೇಕು, ಮರಕ್ಕೆ ಒತ್ತಿದಾಗ ಅದು ತಿಳಿಯಾಗಬೇಕು.